ಸುಪಾರಿ ಕೊಟ್ಟರು, ತಮಾಷಾ ನಡೆಯಿತು

ಪುಣೆಯಿಂದ ನಾಸಿಕದ ಹೆದ್ದಾರಿ ಹಿಡಿದು ಎಪ್ಪತ್ತೈದು ಕಿಲೋಮೀಟರಿನ ಆಸುಪಾಸು ಹೋದರೆ ಜುನ್ನರ ತಾಲ್ಲೂಕಿನ ನಾರಾಯಣಗಾಂವ ಸಿಗುತ್ತದೆ. ಮರಾಠಿ ಜನಪದ ರಂಗದ ದೊಡ್ಡ ಹೆಸರು ವಿಠಾಬಾಯಿ ನಾರಾಯಣಗಾಂವಕರ್ ಅವರ ಊರು ಇದು. ಯುಗಾದಿ ಹತ್ತಿರ ಬಂತೆಂದರೆ ಇಲ್ಲಿ ತಮಾಷಾ ಮಂಡಳಿಗಳು ಸಾಲಾಗಿ ರಾಹುಟಿ, ಅಂದರೆ ಡೇರೆ, ಹಾಕಿಕೊಂಡು ಕೂರುತ್ತವೆ. ಹೊರಗೆ ಮಂಡಳಿಯ ಮುಖ್ಯ ಕಲಾವಿದೆಯ ಹೆಸರಿನ ದೊಡ್ಡ ಫಲಕ. ಒಳಗೆ ಮ್ಯಾನೇಜರು, ಅವರ ಮುಂದೆ ತಾರೀಖು ಗುರುತು ಹಾಕಿಕೊಳ್ಳುವ ವಹಿ. ಸುತ್ತಲ ಹಳ್ಳಿಗಳ ಜಾತ್ರೆ ಕಮಿಟಿಯವರು ಜೀಪು ಮಾಡಿಕೊಂಡು ಬರುತ್ತಾರೆ. ಒಂದು ಡೇರೆಯಲ್ಲಿ ರೇಟು ಕೇಳಿ, ಇನ್ನೊಂದರಲ್ಲಿ ಚೌಕಾಸಿ ಮಾಡಿ, ಕೊನೆಗೆ ಎಲ್ಲೋ ಒಂದು ಕಡೆ ಮುಂಗಡ ಕೊಟ್ಟು ಕರಾರು ಮುಗಿಸುತ್ತಾರೆ. ಆ ಕರಾರಿಗೆ ಇಲ್ಲಿನವರು ಹೇಳುವ ಮಾತು ‘ಸುಪಾರಿ’.

ಊರ ಸರಪಂಚರು, ದೇವಸ್ಥಾನದ ಪೂಜಾರಿಗಳು, ಶಾಲೆಯ ನಿವೃತ್ತ ಮೇಷ್ಟ್ರು ಎಲ್ಲರೂ ಸೇರಿ ಹಾಡುಹಗಲೇ ಸುಪಾರಿ ಕೊಟ್ಟರು ಎಂಬ ಸುದ್ದಿ ಕೇಳಿದರೆ ಕನ್ನಡದ ಕಿವಿ ಬೆಚ್ಚಿಬೀಳುತ್ತದೆ. ಕನ್ನಡ ಪತ್ರಿಕೆಗಳಲ್ಲಿ ಸುಪಾರಿ ಕೊಟ್ಟರೆ ಹೆಣ ಬೀಳಲೇಬೇಕು. ಮರಾಠಿ ಪತ್ರಿಕೆಗಳಲ್ಲೂ ಅದೇ ಅರ್ಥದ ಸುಪಾರಿ ಧಾರಾಳವಾಗಿದೆ. ಆದರೆ ಅಲ್ಲಿ ಅದರ ಪಕ್ಕದಲ್ಲೇ ಬಾಯಿಗೆ ಹಾಕುವ ಅಡಿಕೆ ಇದೆ, ಮದುವೆ ಮಾತು ಗಟ್ಟಿಮಾಡುವ ಅಡಿಕೆ ಇದೆ, ತಮಾಷಾದ ಮುಂಗಡವೂ ಇದೆ. ಒಂದೇ ಪದ ನಾಲ್ಕು ಮನೆಗಳಲ್ಲಿ ಸಂಸಾರ ಮಾಡಿಕೊಂಡಿದೆ. ಕನ್ನಡಕ್ಕೆ ಬಂದದ್ದು ಬಹುಪಾಲು ಕೊಲೆಗಾರನ ಮನೆಯಿಂದ.

ಪುಣೆಯ ಬೀದಿಯಲ್ಲಿ ಕಿವಿಗೊಟ್ಟು ನಡೆದರೆ ಇಂಥ ಪದಗಳು ಒಂದರ ಹಿಂದೆ ಒಂದು ಸಿಗುತ್ತವೆ. ಅಲ್ಲಿ ಮರ್ಯಾದಸ್ಥವಾಗಿಯೂ ಕಳ್ಳತನವಾಗಿಯೂ ಬದುಕುವ ಮಾತುಗಳು ಭೀಮಾ ನದಿ ದಾಟಿ ಈಚೆಗೆ ಬರುವಾಗ ಮರ್ಯಾದೆಯನ್ನು ಆಚೆ ದಡದಲ್ಲೇ ಬಿಟ್ಟು ಬಂದಿವೆ.

ವೀಳ್ಯದ ಹಳೆಯ ಲೆಕ್ಕ

ಅಡಿಕೆಗೂ ಕೊಲೆಗೂ ಸಂಬಂಧ ಬಂದದ್ದು ಹೇಗೆ ಎಂಬುದಕ್ಕೆ ಕನ್ನಡಿಗರು ಪುಣೆಯವರೆಗೆ ಹೋಗಬೇಕಾಗಿಲ್ಲ. ಎಲೆ ಅಡಿಕೆ ಹಿಡಿದು ಆಡಿದ ಮಾತಿಗೆ ತಪ್ಪಬಾರದು ಎಂಬುದು ನಮ್ಮಲ್ಲೂ ಇರುವ ಕಟ್ಟು. ನಿಶ್ಚಿತಾರ್ಥದಲ್ಲಿ ತಾಂಬೂಲ ಬದಲಾಯಿಸುತ್ತಾರೆ. ಕರಾವಳಿಯಲ್ಲಿ ಹರಕೆಯ ಯಕ್ಷಗಾನಕ್ಕೆ ಮೇಳವನ್ನು ಗೊತ್ತುಮಾಡುವುದಕ್ಕೆ ‘ವೀಳ್ಯ ಕೊಡುವುದು’ ಎನ್ನುತ್ತಾರೆ. ನಾರಾಯಣಗಾಂವದ ಸುಪಾರಿಗೂ ಇದಕ್ಕೂ ಕೂದಲೆಳೆಯ ಅಂತರವೂ ಇಲ್ಲ. ರಾಜ ತನ್ನ ಸೇನಾಪತಿಗೆ ಯುದ್ಧದ ಹೊಣೆ ವಹಿಸುವಾಗ ಕೊಡುವುದು ರಣವೀಳ್ಯ. ಅದನ್ನು ಸ್ವೀಕರಿಸಿದವನು ಶತ್ರುವಿನ ತಲೆ ತರಬೇಕು, ಇಲ್ಲವೇ ತನ್ನದನ್ನು ಕೊಡಬೇಕು. ಹಿಂದಿಯಲ್ಲಿ ಹೊಣೆ ಹೊರುವುದಕ್ಕೆ ‘ಬೀಡಾ ಎತ್ತುವುದು’ ಎನ್ನುವುದೂ ಇದೇ ಪದ್ಧತಿಯ ನೆನಪು.

ಮುಂಬೈಯ ಭೂಗತ ಲೋಕ ಹೊಸದೇನನ್ನೂ ಕಂಡುಹಿಡಿಯಲಿಲ್ಲ. ಕರಾರಿಗೆ ಇದ್ದ ಹಳೆಯ ಪದವನ್ನೇ ತನ್ನ ಕಸುಬಿಗೆ ಎತ್ತಿಕೊಂಡಿತು. ತಮಾಷೆಯೆಂದರೆ ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ಕರ್ನಾಟಕ. ಅಡಿಕೆ ಇಲ್ಲಿಂದ ಗಡಿಯಾಚೆಗೆ ಹೋಯಿತು, ಅದರ ಹೆಸರು ಮಚ್ಚು ಹಿಡಿದುಕೊಂಡು ವಾಪಸು ಬಂತು.

ಹೀಗಾಗಲು ಕಾರಣ ಸರಳವಾಗಿದೆ. ಕಾಯಿಗೆ ಕನ್ನಡದಲ್ಲಿ ಅಡಿಕೆ ಎಂಬ ಹೆಸರಿತ್ತು, ಮುಂಗಡ ಒಪ್ಪಂದಕ್ಕೆ ವೀಳ್ಯವಿತ್ತು. ಹಣಕ್ಕೆ ಕೊಲ್ಲುವ ಹೊಸ ದಂಧೆಗೆ ಹೆಸರಿರಲಿಲ್ಲ. ಇಲ್ಲದ್ದಷ್ಟನ್ನೇ ಭಾಷೆ ಸಾಲ ತಂದಿತು.

ಹಪ್ತಾ: ಸರ್ಕಾರದ್ದು, ಗೂಂಡಾನದ್ದು

2024ರ ಆಗಸ್ಟ್ 17ರಂದು ಪುಣೆಯ ಬಾಲೇವಾಡಿ ಕ್ರೀಡಾ ಸಂಕೀರ್ಣದಲ್ಲಿ ಮಹಾರಾಷ್ಟ್ರ ಸರ್ಕಾರ ‘ಲಾಡಕಿ ಬಹಿಣ್’ ಯೋಜನೆಗೆ ವಿಧ್ಯುಕ್ತ ಚಾಲನೆ ಕೊಟ್ಟಿತು. ಅರ್ಹ ಮಹಿಳೆಯರ ಖಾತೆಗೆ ತಿಂಗಳಿಗೆ 1,500 ರೂಪಾಯಿ. ಜುಲೈ, ಆಗಸ್ಟ್ ಎರಡೂ ತಿಂಗಳದ್ದು ಸೇರಿ 3,000 ರೂಪಾಯಿ ಮೊದಲ ಸಲ ಜಮಾ ಆಯಿತು. ನಮ್ಮ ಗೃಹಲಕ್ಷ್ಮಿಯ ಹಣಕ್ಕೆ ಕನ್ನಡ ಪತ್ರಿಕೆಗಳು ‘ಕಂತು’ ಎನ್ನುತ್ತವೆ. ಮರಾಠಿ ಪತ್ರಿಕೆಗಳು ಬಳಸುವ ಪದ ‘ಹಪ್ತಾ’. ಅಂದಿನಿಂದ ಮಹಾರಾಷ್ಟ್ರದ ಮನೆಮನೆಯಲ್ಲೂ ಹೆಂಗಸರು ಪರಸ್ಪರ ಕೇಳಿಕೊಳ್ಳುವ ಪ್ರಶ್ನೆ ‘ಹಪ್ತಾ ಬಂತೇ?’

ಅದೇ ಪತ್ರಿಕೆಯ ಇನ್ನೊಂದು ಪುಟದಲ್ಲಿ, ಕೈಗಾಡಿಯವರನ್ನು ಬೆದರಿಸಿ ಹಪ್ತಾ ಕೇಳಿದವರ ಬಂಧನದ ಸುದ್ದಿ ಇರುತ್ತದೆ. ಬ್ಯಾಂಕಿನ ಗೃಹಸಾಲದ ಮಾಸಿಕ ಕಂತೂ ಹಪ್ತಾ, ಬೀದಿಯ ದಾದಾಗೆ ಸಲ್ಲುವ ಕಪ್ಪವೂ ಹಪ್ತಾ. ಮೂಲದಲ್ಲಿ ಇದು ಪಾರ್ಸಿಯ ಏಳು ಎಂಬ ಸಂಖ್ಯೆಯಿಂದ ಹುಟ್ಟಿದ, ವಾರ ಎಂಬ ಅರ್ಥದ ಪದ. ವಾರಕ್ಕೊಮ್ಮೆ ಕೊಡುವುದು ಹಪ್ತಾ ಆಯಿತು. ಮುಂದೆ ತಿಂಗಳಿಗೊಮ್ಮೆ ಕೊಟ್ಟರೂ ಹೆಸರು ಹಾಗೇ ಉಳಿಯಿತು. ಬೆಂಗಳೂರಿನಲ್ಲಿ ‘ಹಫ್ತಾ’ ಎಂದರೆ ರೌಡಿಯದ್ದು ಮಾತ್ರ. ಬ್ಯಾಂಕಿನವರು ಹಫ್ತಾ ಕೇಳಿದರು ಎಂದು ಬರೆದರೆ ಮಾನನಷ್ಟದ ನೋಟಿಸು ಬಂದೀತು.

ದಾದಾ ಎನ್ನುವುದರ ಪಾಡೂ ಅದೇ. ಪುಣೆಯ ಮನೆಗಳಲ್ಲಿ ಅಣ್ಣನನ್ನು ತಂಗಿ ಕರೆಯುವುದು ದಾದಾ ಎಂದೇ. ಅಪರಿಚಿತ ರಿಕ್ಷಾ ಚಾಲಕನಿಗೂ ಅದೇ ಗೌರವ. ಕನ್ನಡದಲ್ಲಿ ‘ಅವನೊಬ್ಬ ದಾದಾ’ ಎಂದರೆ ಬೀದಿಯ ಜನ ದೂರ ಸರಿಯುತ್ತಾರೆ. ಈ ಲೆಕ್ಕದಲ್ಲಿ ಕನ್ನಡದ ‘ಅಣ್ಣ’ನಿಗೆ ಪುಣೆಯಲ್ಲಿ ಒಳ್ಳೆಯ ಸ್ಥಾನ ಸಿಕ್ಕಿದೆ. ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿ, ರೂಪಾಲಿಗಳನ್ನು ಕಟ್ಟಿದ ಜಗನ್ನಾಥ ಶೆಟ್ಟರಂಥ ಕರಾವಳಿಯ ಹೋಟೆಲಿಗರಿಂದಾಗಿ ಅಲ್ಲಿ ಅಣ್ಣಾ ಎಂದರೆ ಇಡ್ಲಿ, ದೋಸೆ, ಫಿಲ್ಟರ್ ಕಾಫಿ.

ಅಡ್ಡಾದಲ್ಲಿ ನಿಂತ ಕಲಬುರಗಿ

ಕನ್ನಡ ಪತ್ರಿಕೆಯಲ್ಲಿ ‘ಅಡ್ಡೆ’ ಕಂಡರೆ ಅದರ ಹಿಂದೆ ‘ಮೇಲೆ ದಾಳಿ’ ಎಂದಿರುವುದು ಖಚಿತ. ಜೂಜು ಅಡ್ಡೆ, ವೇಶ್ಯಾವಾಟಿಕೆ ಅಡ್ಡೆ, ಮಟ್ಕಾ ಅಡ್ಡೆ. ಪುಣೆಯ ವಾರ್ಜೆ ಮುಂತಾದ ಕಡೆ ಬೆಳಗಿನ ಹೊತ್ತು ಹೋದರೆ ‘ಮಜೂರ ಅಡ್ಡಾ’ ನೋಡಬಹುದು. ಬುತ್ತಿ ಗಂಟು, ಕರಣೆ, ಗುದ್ದಲಿ ಹಿಡಿದ ಗಂಡಸರು ಹೆಂಗಸರು ರಸ್ತೆ ಬದಿಯಲ್ಲಿ ನಿಂತಿರುತ್ತಾರೆ. ಗುತ್ತಿಗೆದಾರ ಬೈಕು ನಿಲ್ಲಿಸುತ್ತಿದ್ದಂತೆ ಸುತ್ತುವರಿಯುತ್ತಾರೆ, ದಿನಗೂಲಿ ಕುದುರಿದರೆ ಟೆಂಪೊ ಹತ್ತುತ್ತಾರೆ. ಅವರ ನಡುವೆ ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡ ಕೇಳಿಬರುತ್ತದೆ. ‘ಅಡ್ಡಾಕ್ಕ ಹೋಗಿದ್ದೆ’ ಎಂದು ಆ ಕೂಲಿಕಾರ ಹೇಳುವುದನ್ನು ಬೆಂಗಳೂರಿನವರು ಕೇಳಿಸಿಕೊಂಡರೆ ಏನೆಂದುಕೊಂಡಾರು? ಕೋಲ್ಕತ್ತದಲ್ಲಿ ಅಡ್ಡಾ ಎಂದರೆ ಕಾಫಿ ಹೌಸಿನ ಬುದ್ಧಿಜೀವಿಗಳ ಹರಟೆ. ಹೀಗೆ ಒಂದೇ ಪದ ಪೂರ್ವದಲ್ಲಿ ಹರಟೆಗೆ, ಪಶ್ಚಿಮದಲ್ಲಿ ಕೂಲಿಗೆ, ಕನ್ನಡದಲ್ಲಿ ಪೊಲೀಸರಿಗೆ ಹಂಚಿಹೋಗಿದೆ.

ಮಟ್ಕಾದ ಕಥೆಯೂ ಹೀಗೇ. ನ್ಯೂಯಾರ್ಕಿನ ಹತ್ತಿ ಮಾರುಕಟ್ಟೆಯಿಂದ ಬರುತ್ತಿದ್ದ ಆರಂಭದ ಮತ್ತು ಮುಕ್ತಾಯದ ದರಗಳ ಮೇಲೆ ಮುಂಬೈಯಲ್ಲಿ ಬಾಜಿ ಕಟ್ಟುತ್ತಿದ್ದರು. 1961ರಲ್ಲಿ ಆ ದರ ಬರುವುದು ನಿಂತ ಮೇಲೆ ಕಲ್ಯಾಣ್‌ಜಿ ಭಗತ್ ಹಾಗೂ ರತನ್ ಖತ್ರಿ ಆಟವನ್ನು ಬೇರೆ ರೂಪದಲ್ಲಿ ಬೆಳೆಸಿದರು. ಚೀಟಿ ಹಾಕಿ ಎತ್ತುತ್ತಿದ್ದ ಮಣ್ಣಿನ ಮಡಕೆಯ ಹೆಸರೇ ಆಟಕ್ಕೆ ನಿಂತಿತು. ಕನ್ನಡದಲ್ಲಿ ಮಡಕೆ ಇದ್ದದ್ದರಿಂದ ಮಟ್ಕಾ ನೀರು ತುಂಬಿಕೊಂಡು ಬರಲಿಲ್ಲ, ನಂಬರು ತುಂಬಿಕೊಂಡು ಬಂತು. ಓಪನ್ ಮತ್ತು ಕ್ಲೋಸ್ ಎಂಬ ಎರಡು ಪದಗಳ ಮೊದಲಕ್ಷರ ಸೇರಿ ನಮ್ಮಲ್ಲಿ ‘ಓ.ಸಿ.’ ಆಯಿತು.

ಹವಾಲಾ ಇನ್ನೂ ಸ್ವಾರಸ್ಯದ್ದು. ಮರಾಠಿ ವರದಿಗಾರ ದಿನಬೆಳಗಾದರೆ ‘ಸೂತ್ರಗಳ ಹವಾಲೆ’ ಕೊಡುತ್ತಾನೆ. ಅಂದರೆ ‘ಮೂಲಗಳ ಪ್ರಕಾರ’. ಯಾರಾದರೊಬ್ಬರ ವಶಕ್ಕೆ, ಜವಾಬ್ದಾರಿಗೆ ಒಪ್ಪಿಸುವುದು ಆ ಪದದ ಮೂಲ ಅರ್ಥ. ವಶಕ್ಕೆ ಪಡೆದವನು ಹವಾಲ್ದಾರ. ಕಳ್ಳದಾರಿಯಲ್ಲಿ ಹಣ ಸಾಗಿಸುವ ಹವಾಲಾ, ಅದನ್ನು ಹಿಡಿಯಲು ಹೋಗುವ ಹವಾಲ್ದಾರ ಇಬ್ಬರೂ ಒಂದೇ ಮನೆತನದವರು.

ಪೇಟಿ, ಖೋಕಾ, ಪರ್ಸೆಂಟು

ಪುಣೆಯ ಗುಲ್‌ಟೇಕಡಿ ಮಾರ್ಕೆಟ್ ಯಾರ್ಡಿನಲ್ಲಿ ಬೇಸಿಗೆ ಬಂತೆಂದರೆ ಹಾಪೂಸ್ ಮಾವಿನ ಪೇಟಿಗಳ ರಾಶಿ. ಡಿಸೆಂಬರಿನ ಸವಾಯಿ ಗಂಧರ್ವ ಉತ್ಸವದಲ್ಲಿ ಪೇಟಿ ಎಂದರೆ ಹಾರ್ಮೋನಿಯಂ. ಗದುಗಿನ ಭೀಮಸೇನ ಜೋಶಿ ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಪುಣೆಯಲ್ಲಿ ಶುರುಮಾಡಿದ ಉತ್ಸವ ಅದು. ಮುಂಬೈಯ ಭೂಗತರ ಫೋನಿನಲ್ಲಿ ಮಾತ್ರ ಒಂದು ಪೇಟಿ ಎಂದರೆ ಒಂದು ಲಕ್ಷ ರೂಪಾಯಿ. ಒಂದು ಖೋಕಾ ಎಂದರೆ ಒಂದು ಕೋಟಿ. ಖೋಕಾ ಎಂದರೆ ಬರಿಯ ಖಾಲಿ ಡಬ್ಬಿ, ಅಂಗಡಿಯ ಹೊರಗೆ ಬಿಸಾಡುವ ರಟ್ಟಿನ ಪೆಟ್ಟಿಗೆ.

2022ರ ಜೂನ್‌ನಲ್ಲಿ ಶಿವಸೇನೆ ಒಡೆದು ಮಹಾರಾಷ್ಟ್ರದ ಸರ್ಕಾರ ಬದಲಾಯಿತು. ಆಗಸ್ಟ್ ಅಧಿವೇಶನದಲ್ಲಿ ವಿರೋಧ ಪಕ್ಷದ ಶಾಸಕರು ವಿಧಾನಭವನದ ಮೆಟ್ಟಿಲ ಮೇಲೆ ನಿಂತು ‘ಪನ್ನಾಸ್ ಖೋಕೆ, ಏಕದಮ್ ಓಕೆ’ ಎಂದು ಕೂಗಿದರು. ಪಕ್ಷಾಂತರಕ್ಕೆ ತಲಾ ಐವತ್ತು ಕೋಟಿ ಕೈಬದಲಾಯಿತು ಎಂಬುದು ಅವರ ಆರೋಪ. ಪಕ್ಷ ಒಡೆದು ಹೊರಬಂದಿದ್ದ ಶಿಂದೆ ಬಣ ಅದನ್ನು ಅಲ್ಲಗಳೆಯಿತು. ಆದರೆ ಘೋಷಣೆ ಊರೂರು ತಿರುಗಿತು. ರಟ್ಟಿನ ಡಬ್ಬಿ ಹಿಡಿದರೆ ಸಾಕು, ನೋಡಿದವರು ನಗುವ ಸ್ಥಿತಿ ಬಂತು.

ಕೆಲವೇ ವಾರಗಳಲ್ಲಿ, ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಬೆಂಗಳೂರಿನ ಗೋಡೆಗಳ ಮೇಲೆ ಮುಖ್ಯಮಂತ್ರಿಯನ್ನು ಅಣಕಿಸುವ ‘ಪೇಸಿಎಂ’ ಪೋಸ್ಟರುಗಳು ಬಂದವು. ರಾಜ್ಯ ಗುತ್ತಿಗೆದಾರರ ಸಂಘ 2021ರಲ್ಲಿ ಪ್ರಧಾನಿಗೆ ಬರೆದ ಪತ್ರದಲ್ಲಿದ್ದ ಕಮಿಷನ್ ಆರೋಪವನ್ನು ಕಾಂಗ್ರೆಸ್ ‘40 ಪರ್ಸೆಂಟ್’ ಎಂಬ ಎರಡು ಪದಕ್ಕೆ ಇಳಿಸಿತ್ತು. ಅಂದಿನ ಬಿಜೆಪಿ ಸರ್ಕಾರವೂ ಆರೋಪವನ್ನು ತಳ್ಳಿಹಾಕಿತು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಮಕ್ಕಳನ್ನು ‘ಎಷ್ಟು ಪರ್ಸೆಂಟು?’ ಎಂದು ಕೇಳುತ್ತಿದ್ದ ನಾಡಿನಲ್ಲಿ ಆ ಪ್ರಶ್ನೆ ಒಂದಷ್ಟು ಕಾಲ ಗೇಲಿಯಾಗಿ ಕೇಳಿಸಿತು. ಅಕ್ಕಪಕ್ಕದ ಎರಡು ರಾಜ್ಯಗಳ ರಾಜಕೀಯ ಒಂದೇ ಮಳೆಗಾಲದಲ್ಲಿ ಎರಡು ಸಾಧು ಪದಗಳನ್ನು ಕೆಡಿಸಿತು.

ಪಗಡಿ: ತಲೆಯ ಮೇಲಿನದು, ಮೇಜಿನ ಕೆಳಗಿನದು

ಎಲ್ಲ ಪದಗಳೂ ಕೆಡುತ್ತಲೇ ಹೋಗುವುದಿಲ್ಲ. ಕೆಟ್ಟದ್ದು ಮರಳಿ ಮರ್ಯಾದೆ ಪಡೆದ ನಿದರ್ಶನವೂ ಪುಣೆಯಲ್ಲಿದೆ. ಪುಣೇರಿ ಪಗಡಿ ಎಂಬ ಪೇಟ ಊರಿನ ಹೆಮ್ಮೆ. 2009ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಆದರೆ ಹಳೆಯ ಪೇಠೆಗಳ ವಾಡೆಗಳಲ್ಲಿ, ಅಂಗಡಿ ಸಾಲುಗಳಲ್ಲಿ ‘ಪಗಡಿ ಎಷ್ಟು?’ ಎಂದರೆ ತಲೆಯ ಅಳತೆ ಕೇಳಿದಂತಲ್ಲ. ಬಾಡಿಗೆಯ ಹೊರತಾಗಿ, ರಸೀದಿ ಇಲ್ಲದೆ, ಜಾಗ ಬಿಟ್ಟುಕೊಡಲು ಕೊಡಬೇಕಾದ ದೊಡ್ಡ ಮೊತ್ತ ಅದು. 1947ರ ಮುಂಬೈ ಬಾಡಿಗೆ ಕಾಯ್ದೆ ಬಾಡಿಗೆಗೆ ಮಿತಿ ಹಾಕಿತು. ಮಾಲೀಕರು ಕಳೆದುಕೊಂಡದ್ದನ್ನು ಪಗಡಿಯಲ್ಲಿ ವಸೂಲು ಮಾಡಿಕೊಂಡರು. ಅದೇ ಕಾಯ್ದೆಯ 18ನೇ ಕಲಮು ಹಾಗೆ ಹಣ ಪಡೆಯುವುದನ್ನು ಅಪರಾಧ ಎಂದಿತ್ತು. ಆದರೂ ಹೋಟೆಲು ಇಡಲು ಹೋದವನಿಗೂ ಸಂಸಾರ ಹೂಡಲು ಹೋದವನಿಗೂ ಪಗಡಿ ತಪ್ಪಲಿಲ್ಲ.

ಐದು ದಶಕ ಕಳೆದ ಮೇಲೆ ಬಂದ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ತನ್ನ 56ನೇ ಕಲಮಿನಲ್ಲಿ ಇಂಥ ಹಣ ಪಡೆಯಲು ಅವಕಾಶ ಕೊಟ್ಟಿತು. 2000ದ ಮಾರ್ಚ್ 31ರಂದು ಕಾಯ್ದೆ ಜಾರಿಗೆ ಬಂತು. ಹಿಂದಿನ ದಿನದವರೆಗೆ ಅಪರಾಧವಾಗಿದ್ದ ಪಗಡಿ ಅಂದು ಬೆಳಗ್ಗೆ ವ್ಯವಹಾರವಾಯಿತು. ಬದಲಾದದ್ದು ಕಾನೂನು ಒಂದೇ, ಜನರ ಬಾಯಲ್ಲಿದ್ದ ಪದ ಅಲ್ಲೇ ಇತ್ತು.

ಕೋಯತಾ ಎಂದರೆ ಗಂಡ ಹೆಂಡತಿ

ಇತ್ತೀಚೆಗೆ ಪುಣೆಯಲ್ಲಿ ಅತಿ ಹೆಚ್ಚು ಕೆಟ್ಟ ಹೆಸರು ಪಡೆದ ಪದ ಕೋಯತಾ. ಕಬ್ಬು ಕಡಿಯುವ, ಎಳನೀರು ಕೆತ್ತುವ ಕತ್ತಿ ಅದು. 2022ರ ಕೊನೆ ಹಾಗೂ 2023ರ ಆರಂಭದಲ್ಲಿ ನಗರದ ಬಡಾವಣೆಗಳಲ್ಲಿ ಹುಡುಗರ ಗುಂಪುಗಳು ಕೋಯತಾ ಬೀಸಿ ಅಂಗಡಿ, ವಾಹನಗಳನ್ನು ಜಖಂ ಮಾಡಿದವು. ‘ಕೋಯತಾ ಗ್ಯಾಂಗ್’ ಎಂಬ ಹೆಸರು ಬಿತ್ತು, ವಿಷಯ ಅಧಿವೇಶನದವರೆಗೂ ಹೋಯಿತು.

ಆದರೆ ಸಕ್ಕರೆ ಕಾರ್ಖಾನೆಯ ಲೆಕ್ಕದ ಪುಸ್ತಕದಲ್ಲಿ ಕೋಯತಾ ಎಂದರೆ ಆಯುಧವಲ್ಲ, ಮನುಷ್ಯರು. ಬೀಡ್ ಮುಂತಾದ ಬರದ ಜಿಲ್ಲೆಗಳಿಂದ ಕಬ್ಬು ಕಡಿಯಲು ಪುಣೆ, ಸಾತಾರಾ, ಕೊಲ್ಹಾಪುರಕ್ಕೂ ನಮ್ಮ ಬೆಳಗಾವಿ, ಬಾಗಲಕೋಟೆಗೂ ಬರುವ ಕೂಲಿಗಳಲ್ಲಿ ಗಂಡ ಹೆಂಡತಿಯ ಒಂದು ಜೋಡಿಯನ್ನು ‘ಒಂದು ಕೋಯತಾ’ ಎಂದು ಎಣಿಸುತ್ತಾರೆ. ಅವಳು ಬಾರದೆ ಅವನೊಬ್ಬನೇ ಬಂದರೆ ಅರ್ಧ ಕೋಯತಾ. ಕೂಲಿಗಳನ್ನು ಕರೆತರುವ ಮೇಸ್ತ್ರಿ, ಅಂದರೆ ಮುಕಾದಮ, ಈ ಜೋಡಿಗೆ ಹಂಗಾಮಿನ ಮೊದಲೇ ಕೊಡುವ ಮುಂಗಡ ‘ಉಚಲ’. ಎತ್ತುವುದು ಎಂಬ ಕ್ರಿಯಾಪದದಿಂದ ಬಂದ ಮಾತು. ಸಾಲ ಎತ್ತಿದರು ಎಂದು ನಾವು ಹೇಳುವಂತೆ.

ಅದೇ ಕ್ರಿಯಾಪದದಿಂದ ಹುಟ್ಟಿದ ಇನ್ನೊಂದು ಪದ ‘ಉಚಲ್ಯಾ’. ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೋಗುವವನು, ಚಿಲ್ಲರೆ ಕಳ್ಳ. ಈ ಹೆಸರು ಒಂದು ಸಮುದಾಯಕ್ಕೇ ಅಂಟಿತು. ಆ ಸಮುದಾಯದಲ್ಲಿ ಹುಟ್ಟಿದ ಲಕ್ಷ್ಮಣ ಗಾಯಕವಾಡ 1987ರಲ್ಲಿ ತಮ್ಮ ಆತ್ಮಕಥೆಗೆ ‘ಉಚಲ್ಯಾ’ ಎಂದೇ ಹೆಸರಿಟ್ಟರು. ಮರುವರ್ಷ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಹಲವು ಜಾತಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತ್ತು. 1952ರಲ್ಲಿ ಅದು ರದ್ದಾದರೂ ಹೆಸರುಗಳು ಕಳಂಕ ಬಿಡಲಿಲ್ಲ. ಕಚೇರಿಯಲ್ಲಿ ಕೂತು ಎತ್ತಿಕೊಂಡವನಿಗೆ ನಾಜೂಕಿನ ಪದಗಳು, ಹೊಟ್ಟೆಗಿಲ್ಲದೆ ಎತ್ತಿಕೊಂಡವನಿಗೆ ಜಾತಿಯ ಹೆಸರೇ ಕಳ್ಳತನದ ಹೆಸರು.

ಚಹಾಪಾಣಿಯ ಪಂಚನಾಮೆ

ಆ ನಾಜೂಕಿನ ಪದಗಳಿಗೆ ಮರಾಠಿಯಲ್ಲಿ ಬರವಿಲ್ಲ. ಚಹಾಪಾಣಿ, ಚಿರಿಮಿರಿ, ಮಕ್ಕಳಿಗೆ ಕೊಡುವ ತಿಂಡಿಯಾದ ‘ಖಾವೂ’. ಕಡತ ಹಾರಿಹೋಗದಂತೆ ಅದರ ಮೇಲಿಡುವ ‘ವಜನ್’, ಅಂದರೆ ಭಾರ. ಹರಿಶಂಕರ ಪರಸಾಯಿ ಅವರ ಹೆಸರಾಂತ ಹಿಂದಿ ವಿಡಂಬನೆ ‘ಭೋಲಾರಾಮ್ ಕಾ ಜೀವ್’ ನಿಂತಿರುವುದೇ ಈ ಒಂದು ಪದದ ಮೇಲೆ. ಇನ್ನು ಮಲೀದಾ. ಗೋಧಿ ರೊಟ್ಟಿಯನ್ನು ಪುಡಿಮಾಡಿ ಬೆಲ್ಲ ತುಪ್ಪ ಬೆರೆಸಿದ ಪ್ರಸಾದ ಅದು, ಉತ್ತರ ಕರ್ನಾಟಕದ ಮಾದಲಿಯ ಜಾತಿಯದು. ಮರಾಠಿಯಲ್ಲಿ ‘ಮಲೀದಾ ತಿಂದರು’ ಎಂದರೆ ಕಾಮಗಾರಿಯ ದುಡ್ಡು ನುಂಗಿದರು. ಕನ್ನಡದ ಉತ್ತರ ಒಂದೇ ಪದ, ‘ಮಾಮೂಲು’. ಎಂದಿನದು, ವಾಡಿಕೆಯದು ಎಂಬ ಅರ್ಥ ಮತ್ತು ಲಂಚ ಎಂಬ ಅರ್ಥ ಎರಡೂ ನಮ್ಮಲ್ಲಿ ಚಾಲ್ತಿಯಲ್ಲಿವೆ. ಮರಾಠಿಯ ‘ಮಾಮೂಲೀ’ಗೆ ಆ ಎರಡನೆಯ ಅರ್ಥ ಅಂಟಿಲ್ಲ.

ಇಂಥ ಪದಗಳನ್ನು ಆರಿಸಿಕೊಳ್ಳುವುದು ಬರಿಯ ಸಂಕೋಚದಿಂದಲ್ಲ. ಸ್ಟೀವನ್ ಪಿಂಕರ್, ಮಾರ್ಟಿನ್ ನೊವಾಕ್, ಜೇಮ್ಸ್ ಲೀ 2008ರಲ್ಲಿ ಪ್ರಕಟಿಸಿದ ಪ್ರಬಂಧವೊಂದು, ಸಂಚಾರ ಪೊಲೀಸನಿಗೆ ಸಿಕ್ಕಿಬಿದ್ದ ಚಾಲಕನ ಉದಾಹರಣೆ ಇಟ್ಟುಕೊಂಡು ಇದರ ಲೆಕ್ಕ ಹಾಕಿತು. ನೇರವಾಗಿ ಲಂಚ ನೀಡಹೋದರೆ ಪ್ರಾಮಾಣಿಕ ಪೊಲೀಸ್ ಜೈಲಿಗೆ ಕಳಿಸಬಹುದು. ಸುತ್ತಿ ಬಳಸಿ ಹೇಳಿದರೆ ಭ್ರಷ್ಟನಿಗೆ ತಿಳಿಯುತ್ತದೆ, ಪ್ರಾಮಾಣಿಕನಿಗೆ ಕೇಸು ಹಾಕಲು ಸಾಕ್ಷಿ ಸಿಗುವುದಿಲ್ಲ. ಎರಡರ್ಥದ ಪದಕ್ಕೆ ಹಿಂಬಾಗಿಲಿದೆ. ಸಿಕ್ಕಿಬಿದ್ದರೆ ‘ಚಹಾ ಕುಡಿಯೋಣ ಅಂದೆ ಅಷ್ಟೇ’ ಎನ್ನಬಹುದು.

ಕೊಲೆಗಾರರಿಗೂ ಈ ಹಿಂಬಾಗಿಲು ಗೊತ್ತಿತ್ತು. 1816ರಲ್ಲಿ ಮದರಾಸಿನ ವೈದ್ಯ ರಿಚರ್ಡ್ ಶೆರ್‌ವುಡ್ ದಾರಿಹೋಕರ ಕುತ್ತಿಗೆಗೆ ಕುಣಿಕೆ ಬಿಗಿದು ದೋಚುತ್ತಿದ್ದ ದಕ್ಷಿಣದ ಫಾಂಸಿಗಾರರ ಬಗ್ಗೆ ಬರೆಯುತ್ತ ಕನ್ನಡದಲ್ಲಿ ಅವರಿಗೆ ‘ತಂತಿ ಕಳ್ಳರು’ ಎಂಬ ಹೆಸರಿದೆ ಎಂದು ದಾಖಲಿಸಿದ. ವಿಲಿಯಂ ಸ್ಲೀಮನ್ 1836ರಲ್ಲಿ ಠಕ್ಕರ ಗುಪ್ತ ಮಾತಿನ ಕೋಶವನ್ನೇ ಕಲ್ಕತ್ತೆಯಲ್ಲಿ ಅಚ್ಚು ಹಾಕಿಸಿದ. ದಾರಿಹೋಕರ ಜೊತೆ ಕೂತು, ತಂಬಾಕು ತರಲು ಹೇಳುವ ಮಾತೇ ಕುಣಿಕೆ ಬಿಗಿಯಲು ಸನ್ನೆ ಎಂಬುದು ಆ ದಾಖಲೆಗಳ ಪ್ರಸಿದ್ಧ ವಿವರ. ಸ್ಲೀಮನ್ ಕಟ್ಟಿದ ಠಕ್ಕರ ಚಿತ್ರ ಎಷ್ಟು ನಿಜ, ಎಷ್ಟು ಕಂಪನಿ ಸರ್ಕಾರದ ಭಯದ ಫಲ ಎಂದು ಇಂದಿನ ಇತಿಹಾಸಕಾರರು ವಾದಿಸುತ್ತಲೇ ಇದ್ದಾರೆ.

ಲಂಚದ ಪದಗಳ ನಿಜವಾದ ಪರೀಕ್ಷೆ ನಡೆಯುವುದು ಮಹಾರಾಷ್ಟ್ರದ ‘ಲಾಚಲುಚಪತ ಪ್ರತಿಬಂಧಕ ವಿಭಾಗ’ದಲ್ಲಿ. ದೂರುದಾರ ಬಂದೊಡನೆ ಬಲೆ ಬೀಸುವುದಿಲ್ಲ. ಮೊದಲು ‘ಮಾಗಣಿ ಪಡತಾಳಣಿ’, ಬೇಡಿಕೆಯ ಪರಿಶೀಲನೆ. ದೂರುದಾರನ ಜೇಬಿನಲ್ಲಿ ಧ್ವನಿಮುದ್ರಕ ಇಟ್ಟು, ಜೊತೆಗೊಬ್ಬ ಪಂಚನನ್ನು ಕಳಿಸುತ್ತಾರೆ. ಅಧಿಕಾರಿ ಬಾಯಿಬಿಟ್ಟು ಕೇಳಬೇಕು. ಆಮೇಲೆ ‘ಸಾಪಳಾ’, ಬಲೆ. ನೋಟಿಗೆ ಪುಡಿ ಸವರುತ್ತಾರೆ. ಮಹಾರಾಷ್ಟ್ರದ ಹಲವು ತೀರ್ಪುಗಳಲ್ಲಿ ಕಾಣುವುದು ನೇರಳಾತೀತ ದೀಪದಡಿ ಹೊಳೆಯುವ ಆಂಥ್ರಸೀನ್. ಕರ್ನಾಟಕದಲ್ಲಿ ಫಿನಾಲ್ಫ್ತಲೀನ್, ಸೋಡಾ ದ್ರಾವಣದಲ್ಲಿ ಕೈ ಅದ್ದಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.

ಕೈಗೆ ಬಣ್ಣ ಹತ್ತಿದ ಮಾತ್ರಕ್ಕೆ ಶಿಕ್ಷೆ ಇಲ್ಲ. ಬೇಡಿಕೆ ಸಾಬೀತಾಗದೆ ಹಣ ಸಿಕ್ಕಿದ್ದಷ್ಟೇ ಸಾಲದು ಎಂದು ಸುಪ್ರೀಂ ಕೋರ್ಟ್ ಮತ್ತೆಮತ್ತೆ ಹೇಳಿದೆ. ಆಗ ವಕೀಲರ ಜಗಳವೆಲ್ಲ ಪದದ ಮೇಲೆ. ಧ್ವನಿಮುದ್ರಣದಲ್ಲಿರುವ ‘ಅದನ್ನು ನೋಡಿಕೊಳ್ಳಿ’ ಎಂದರೆ ಅರ್ಜಿಯನ್ನೋ, ಅಧಿಕಾರಿಯನ್ನೋ? ‘ಐದು’ ಎಂದರೆ ಐದು ಪ್ರತಿಯೋ, ಐದು ಸಾವಿರವೋ? 2022ರ ಡಿಸೆಂಬರ್ 15ರಂದು ನೀರಜ್ ದತ್ತಾ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ದೂರುದಾರ ತೀರಿಕೊಂಡರೂ ತಿರುಗಿಬಿದ್ದರೂ ಬೇಡಿಕೆಯನ್ನು ಸಾಂದರ್ಭಿಕ ಸಾಕ್ಷ್ಯದಿಂದ ಸಾಬೀತುಪಡಿಸಬಹುದು ಎಂದಿತು. ಪದದ ಹಿಂಬಾಗಿಲು ಇದರಿಂದ ಅಷ್ಟರಮಟ್ಟಿಗೆ ಕಿರಿದಾಯಿತು.

ಆದ್ದರಿಂದ ಕಚೇರಿಯಲ್ಲಿ ಯಾರಾದರೂ ಚಹಾಪಾಣಿ, ಮಾಮೂಲು, ಭಾರ ಎಂದರೆ ತಲೆಯಾಡಿಸಿ ಬರಬೇಡಿ. ‘ಎಷ್ಟು ರೂಪಾಯಿ, ಯಾವ ಕೆಲಸಕ್ಕೆ?’ ಎಂದು ಬಿಡಿಸಿ ಕೇಳಿ. ಒಂದೇ ಅರ್ಥದ ಪದ ಅವರ ಬಾಯಿಂದಲೇ ಬರಲಿ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ಪ್ರಕಾರ ಲಂಚ ಕೊಟ್ಟವನೂ ಅಪರಾಧಿ. ಒತ್ತಾಯಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ತನಿಖಾ ಸಂಸ್ಥೆಗೆ ತಿಳಿಸಬೇಕು. ಮಹಾರಾಷ್ಟ್ರದಲ್ಲಿ ಅದಕ್ಕಿರುವ ಉಚಿತ ದೂರವಾಣಿ ಸಂಖ್ಯೆ 1064. ಕರ್ನಾಟಕದಲ್ಲಿ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ರದ್ದುಪಡಿಸಿದ್ದರಿಂದ ದೂರು ಕೊಡಬೇಕಾದದ್ದು ಲೋಕಾ­ಯುಕ್ತ ಪೊಲೀಸರಿಗೆ.